ಬೆಟ್ಟ ಸೂಕ್ಷ್ಮ, ಊರು ಗಟ್ಟಿ

ಬೆಟ್ಟದ ಮೇಲೆ ಅತಿಥಿಗಳು ಹೇತದ್ದನ್ನು ಬೆಟ್ಟದ ಕೆಳಗೆ ಇಳಿಸುವುದು ಚೋಟಕ್ಕನ ಕೆಲಸ.

ಕಂಪನಿಯವರು ಹೀಗೆ ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ ಅದು 'ಹಸಿರು ಸೇವೆ'. ನೀಲಿ ಪ್ಲಾಸ್ಟಿಕ್ ಡ್ರಮ್ಮು, ಬಿಗಿ ಮುಚ್ಚಳ, ಮುಚ್ಚಳದ ಸುತ್ತ ಕಬ್ಬಿಣದ ಪಟ್ಟಿ, ಹೊಟ್ಟೆಯ ಮೇಲೊಂದು ಎಲೆಯ ಚಿತ್ರ. ಅದಕ್ಕೆ ಹಗ್ಗ ಬಿಗಿದು, ಹಗ್ಗದ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನು ಬಗ್ಗಿಸಿ ಆಕೆ ನಡೆಯಬೇಕು. ಮೊದಲ ದಿನ ಡ್ರಮ್ಮು ಹಗುರ. ಅತಿಥಿಗಳು ಉಂಡಷ್ಟೂ ಭಾರವಾಗುತ್ತ ಹೋಗುತ್ತಿತ್ತು. ಉಳಿದ ಹೊರೆಯಾಳುಗಳದ್ದು ತದ್ವಿರುದ್ಧ. ಅಕ್ಕಿ, ಬೇಳೆ, ಸಕ್ಕರೆ ಖರ್ಚಾದಂತೆ ಅವರ ಹೊರೆ ಕರಗುತ್ತಿತ್ತು.

"ನಿಮ್ಮ ಬೆನ್ನಿಂದ ಇಳಿದದ್ದೆಲ್ಲ ಕೊನೆಗೆ ನನ್ನ ಬೆನ್ನಿಗೇ ಬರುತ್ತೆ ನೋಡ್ರೇ, ಸ್ವಲ್ಪ ಸುತ್ತು ಹಾಕ್ಕೊಂಡು," ಎಂದು ಚೋಟಕ್ಕ ನಗುತ್ತಿದ್ದಳು.

ಚೋಟುದ್ದ ಹೆಂಗಸು, ಅದಕ್ಕೇ ಚೋಟಕ್ಕ. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಪಟ್ಟಿ ಕೂರುವ ಜಾಗದಲ್ಲಿ ಅವಳ ಹಣೆಯ ಕೂದಲು ಸವೆದುಹೋಗಿತ್ತು. ನಡೆಯುವಾಗ ಒಳಗಿನದು ಕುಲುಕುವ ಸದ್ದು ಕಿವಿಯ ಹಿಂದೆಯೇ ಕೇಳಿಸುತ್ತಿತ್ತು. ಬಿಸಿಲು ಏರಿದರೆ ಮುಚ್ಚಳ ಉಬ್ಬುತ್ತಿತ್ತು. ಆಗ ನಿಂತು, ಮುಖ ತಿರುಗಿಸಿ, ಕಬ್ಬಿಣದ ಪಟ್ಟಿಯನ್ನು ಕೊಂಚ ಸಡಿಲ ಮಾಡಿ ಗಾಳಿ ಬಿಡಬೇಕು. ಬಿಡದಿದ್ದರೆ ಸಿಡಿಯುತ್ತದೆ. ಒಮ್ಮೆ ಸಿಡಿದಿತ್ತು. ಆ ದಿನ ತೊರೆಯ ತಣ್ಣೀರಿನಲ್ಲಿ ಹಲ್ಲು ಕಟಕಟ ಎನ್ನುವವರೆಗೆ ಮಿಂದಳು. ಮನೆಗೆ ಹೋದ ಮೇಲೂ ಮಿಂದಳು. ಅನ್ನಕ್ಕೆ ಕೈ ಹಾಕಲು ಆಗಲಿಲ್ಲ. ಮರುದಿನ ಮತ್ತೆ ಹೊತ್ತಳು. ಹೊಟ್ಟೆಪಾಡು.

ಮೊದಲು ಹೀಗಿರಲಿಲ್ಲ. ಅವಳ ಮನೆಯವರು ಬೇಸಿಗೆಗೆ ಆಡುಗಳನ್ನು ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗುತ್ತಿದ್ದರು. ಅಲ್ಲಿ ಮಾವನ ಅಪ್ಪ ಕಟ್ಟಿದ್ದ ಒಂದು ಕಲ್ಲಿನ ಗೂಡಿತ್ತು. ಒಂದು ವರ್ಷ ಇಲಾಖೆಯವರು ಬಂದರು. ಈ ಹುಲ್ಲುಗಾವಲು ಬಹಳ ಸೂಕ್ಷ್ಮ ಅಂದರು. ಆಡಿನ ಗೊರಸು ತಾಗಬಾರದು, ಒಲೆಯ ಹೊಗೆ ತಾಗಬಾರದು, ಮನುಷ್ಯರ ಗುರುತೇ ಇರಬಾರದು. ಗೂಡನ್ನು ಕೆಡವಿಸಿದರು. ಕೆಡವಿದ ಕಲ್ಲುಗಳನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ, ತಾವಾಗಿಯೇ ಬಿದ್ದ ಹಾಗೆ ಚೆಲ್ಲಿ ಎಂದು ಹೇಳಿಕೊಟ್ಟರು. ಕೆಡವಲು ಕೂಲಿಗೆ ಬಂದವರು ಊರಿನವರೇ. ಚೋಟಕ್ಕನ ಅತ್ತೆ ಒಂದು ಬಂಡೆಯ ಮೇಲೆ ಕೂತು ಎಲ್ಲ ನೋಡಿದಳು. ಒಂದು ಮಾತೂ ಆಡಲಿಲ್ಲ.

ಮರುವರ್ಷ ಅದೇ ಜಾಗದಲ್ಲಿ ಕಿತ್ತಳೆ ಬಣ್ಣದ ಟೆಂಟುಗಳು ಎದ್ದವು. ಮಲಗಲು ಟೆಂಟು, ಉಣ್ಣಲು ಟೆಂಟು, ಕುರ್ಚಿಯಿದ್ದ ಕಕ್ಕಸಿನ ಟೆಂಟು.

"ಇದು ಗುರುತಲ್ವಾ?" ಎಂದು ಅತ್ತೆ ಕೇಳಿದಳು.

"ಇಲ್ಲ ಅಜ್ಜಿ. ಇದನ್ನ ಮಡಚಬಹುದು," ಎಂದರು ಕಂಪನಿಯವರು.

ಆಡು ಮಾರಿದ ಮನೆಗಳ ಹೆಣ್ಣು ಗಂಡುಗಳೆಲ್ಲ ಹೊರೆಯಾಳಾದರು. ಚೋಟಕ್ಕನ ಮೈದುನ ಅವರಿಗೆ ಮೇಸ್ತ್ರಿಯಾದ. ಕಂಪನಿ ಅವನಿಗೆ ಬೂಟು, ಜಾಕೀಟು, ಒಂದು ಸೀಟಿ ಕೊಟ್ಟಿತು. ಸೀಟಿ ಬಂದ ಮೇಲೆ ಅವನ ಮಾತು ಕಮ್ಮಿಯಾಯಿತು. ಡ್ರಮ್ಮು ಹೊರಲು ಯಾರೂ ಒಪ್ಪದಿದ್ದಾಗ ಅವನು ಗಂಡ ಸತ್ತ ಅತ್ತಿಗೆಯ ಬಾಗಿಲಿಗೆ ಬಂದು ನಿಂತ.

"ನೀನು ಒಪ್ಪದೆ ಇದ್ರೆ ಇಡೀ ಊರಿನ ಕೆಲಸ ಹೋಗುತ್ತೆ ಅತ್ತಿಗೆ," ಎಂದ. ಮುಖ ಎತ್ತಲಿಲ್ಲ.

ಹಾಗೆ ಒಪ್ಪಿದ್ದು.

ಇಳಿಸಿದ ಡ್ರಮ್ಮು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಅತಿಥಿಗಳು ಯಾರೂ ಕೇಳಲಿಲ್ಲ. ಊರಿನ ಮೇಲ್ಗಡೆ, ಮನೆಗಳಿಗೆ ನೀರು ಬರುವ ತೊರೆಯ ಪಕ್ಕ, ಕಂಪನಿ ಒಂದು ಗುಂಡಿ ತೋಡಿಸಿತ್ತು. ಅದರಲ್ಲಿ ಸುರಿಯುತ್ತಿದ್ದರು. ಮಳೆಗಾಲದಲ್ಲಿ ಗುಂಡಿ ತುಂಬಿ ಹರಿಯುತ್ತಿತ್ತು. ಕೊಡಪಾನದ ನೀರು ನಾರುತ್ತಿತ್ತು. ಊರಿನವರು ಹೋಗಿ ಕೇಳಿದಾಗ ಕಂಪನಿಯ ಯಜಮಾನ ಬಹಳ ತಾಳ್ಮೆಯಿಂದ ವಿವರಿಸಿದ: "ಬೆಟ್ಟ ಸೂಕ್ಷ್ಮ. ತಡ್ಕೊಳ್ಳಲ್ಲ. ಊರು ಗಟ್ಟಿ."

ಈ ಯಜಮಾನನನ್ನು ಯಾರೂ ಯಜಮಾನ ಅನ್ನುವಂತಿರಲಿಲ್ಲ. "ನಮ್ಮಲ್ಲಿ ಧಣಿ ಆಳು ಅಂತಿಲ್ಲ. ನಾವೆಲ್ಲ ಒಂದೇ ಮನೆಯವರು. ಅಣ್ಣ ಅನ್ನಿ," ಎನ್ನುತ್ತಿದ್ದ. ಟೋಪಿಯಿಂದ ಕಾಲುಚೀಲದವರೆಗೆ ಹಸಿರೇ ತೊಡುತ್ತಿದ್ದ. ಹೊರೆಯಾಳುಗಳು ಅವನಿಗೆ ಹಸಿರಣ್ಣ ಎಂದು ಹೆಸರಿಟ್ಟರು. ಹೆಸರಿಟ್ಟವಳು ಮೇಸ್ತ್ರಿಯ ಹೆಂಡತಿ, ಚೋಟಕ್ಕನ ಓರಗಿತ್ತಿ. ಆಕೆಯ ನಾಲಿಗೆಗಾಗಿ ಊರು ಅವಳನ್ನೇ ಸೂಜಿ ಎಂದು ಕರೆಯುತ್ತಿತ್ತು.

ಆ ಸಲದ ತಂಡವೂ ಉಳಿದ ತಂಡಗಳ ಹಾಗೇ ಶುರುವಾಯಿತು. ಬೆಟ್ಟದ ಬುಡದಲ್ಲಿ ಅತಿಥಿಗಳು ಅರ್ಧಚಂದ್ರಾಕಾರವಾಗಿ ನಿಂತರು. ದೊಡ್ಡ ಹುದ್ದೆಯಿಂದ ನಿವೃತ್ತರಾದ ಒಬ್ಬ ಸಾಹೇಬರು. ನಡೆದದ್ದನ್ನೆಲ್ಲ ಚಿತ್ರ ಹಿಡಿಯುವ ಒಬ್ಬ ಕ್ಯಾಮೆರಾ ಹುಡುಗಿ. ಹಲ್ಲಿನ ಡಾಕ್ಟರಮ್ಮ ಒಬ್ಬರು. ಮತ್ತೆ ಕೆಲವು ಗಂಡ ಹೆಂಡಿರು.

"ಸ್ನೇಹಿತರೇ, ನಾವು ಬಂದಿರೋದು ಬೆಟ್ಟ ಗೆಲ್ಲೋಕಲ್ಲ. ಬೆಟ್ಟದ ಮುಂದೆ ಸಣ್ಣವರಾಗೋಕೆ," ಎಂದ ಹಸಿರಣ್ಣ.

"ನಮ್ಮಕ್ಕ ಇನ್ನೆಷ್ಟು ಸಣ್ಣವಳಾಗ್ಬೇಕಂತೆ?" ಎಂದು ಹಿಂದಿನಿಂದ ಸೂಜಿ ಗೊಣಗಿದಳು.

ಅತಿಥಿಗಳು ಎದೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದರು. ಮೇಲೆ ಒಯ್ದದ್ದನ್ನೆಲ್ಲ ಕೆಳಗೆ ತರುತ್ತೇವೆ. ನಮ್ಮ ಹೊರೆಗೆ ನಾವೇ ಹೊಣೆ. ಹೊರೆಯಾಳುಗಳಿಗೆ ಪ್ರತಿಜ್ಞೆ ಇರಲಿಲ್ಲ. ಅವರ ಎರಡೂ ಕೈ ಹಗ್ಗದ ಮೇಲಿದ್ದವು.

ಅವರಿಗೆ ಬೇರೆ ಕಟ್ಟಳೆಗಳಿದ್ದವು. ಮಣ್ಣಿನ ಬಣ್ಣದ ಶಾಲು ಹೊದೆಯಬೇಕು, ಕೆಂಪು ಹಳದಿ ಕೂಡದು. ಫೋಟೋದಲ್ಲಿ ಬೆಟ್ಟ ಖಾಲಿ ಕಾಣಬೇಕು. ಅತಿಥಿಗಳ ಜೊತೆ ನಡೆಯಬಾರದು, ಎದುರಾದರೆ ದಾರಿ ಬಿಟ್ಟು ಕೆಳಗಿಳಿದು ನಿಲ್ಲಬೇಕು. ಹಾಡಬಾರದು. ಅತಿಥಿಗಳು ದುಡ್ಡು ಕೊಟ್ಟು ಬಂದಿರುವುದು ಮೌನಕ್ಕೆ. ಚೋಟಕ್ಕನಿಗೆ ಇನ್ನೂ ಒಂದು ಹೆಚ್ಚಿಗೆ: ಗಾಳಿ ಯಾವ ಕಡೆಯಿಂದ ಬೀಸಿದರೂ ಅವಳು ಅದರ ಆಚೆ ಕೂರಬೇಕು. ಊಟದ ಹೊತ್ತಿಗೆ ಅಡುಗೆಯವನು ಅವಳ ತಟ್ಟೆಯನ್ನು ಒಂದು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದ. ಅವನ ತಪ್ಪಲ್ಲ. ಹಾಗೆ ಹೇಳಿದ್ದರು. ಅವಳು ತೊಳೆದಿಟ್ಟ ತಟ್ಟೆ ಉಳಿದ ತಟ್ಟೆಗಳ ಜೊತೆ ಸೇರುತ್ತಿರಲಿಲ್ಲ. ಅತಿಥಿಗಳಿಗೆ ಅವಳ ಹೆಸರೂ ಗೊತ್ತಿರಲಿಲ್ಲ. "ಡ್ರಮ್ಮು ಬಂತಾ?" ಎಂದು ಕೇಳುತ್ತಿದ್ದರು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲಕ್ಕ," ಎಂದಳು ಸೂಜಿ, ತನ್ನ ತಟ್ಟೆ ಎತ್ತಿಕೊಂಡು ಬಂದು ಅವಳ ಪಕ್ಕ ಕೂತು. "ನಮ್ಮದು ಬೆನ್ನು ಕೆಸರು. ಮೊಸರು ಅವರ ಬಾಯಿಗೆ."

"ಮೆಲ್ಲಗೆ ಮಾತಾಡೇ. ನಿನ್ನ ಗಂಡ ನೋಡ್ತಿದ್ದಾನೆ."

"ನೋಡ್ಲಿ. ಹೆಂಡ್ತಿ ಮುಖ ನೋಡಿ ಎಷ್ಟು ದಿನ ಆಯ್ತೋ ಏನೋ."

ಹುಲ್ಲುಗಾವಲಿಗೆ ಬಂದ ಮರುದಿನ ಬೆಳಿಗ್ಗೆ ಮಂಜು ಕವಿದಿತ್ತು. ಕ್ಯಾಮೆರಾ ಹುಡುಗಿಗೆ ಖಾಲಿ ಬೆಟ್ಟದ ವಿಡಿಯೋ ಚಿತ್ರ ಬೇಕಿತ್ತು. ಮಂಜು ಸರಿಯುವ ಹೊತ್ತು, ಎದುರಿಗೆ ಶಿಖರ, ಒಬ್ಬ ಮನುಷ್ಯನೂ ಇರಬಾರದು. ಅದೇ ಹೊತ್ತಿಗೆ ಸೂಜಿ ಊಟದ ಮೇಜುಗಳಲ್ಲಿ ಒಂದನ್ನು ಬೆನ್ನಿಗೆ ಕಟ್ಟಿಕೊಂಡು ಮೇಲಿನ ದಿಬ್ಬದ ಕಡೆ ಹೊರಟಿದ್ದಳು. ಅತಿಥಿಗಳು ಆ ದಿನ ಶಿಖರ ನೋಡುತ್ತ ತಿಂಡಿ ತಿನ್ನುವವರಿದ್ದರು.

ಹಸಿರಣ್ಣ ಕೂಗಲಿಲ್ಲ. ಬೆಟ್ಟದ ಮೇಲೆ ಕೂಗಬಾರದೆಂಬ ನಿಯಮ ಅವನದೇ. ಕೈ ಬೀಸಿದ. ಸರಿ, ಸರಿ, ಇನ್ನೂ ಆಚೆ. ಸೂಜಿ ದಾರಿ ಬಿಟ್ಟು ಅಂಚಿಗೆ ಹೋದಳು. ಅವನು ಮತ್ತೆ ಬೀಸಿದ. ಮೇಜಿನ ಕಾಲು ಕಾಣುತ್ತಿತ್ತೋ ಏನೋ. ಅವಳು ಇನ್ನೊಂದು ಹೆಜ್ಜೆ ಇಳಿದಳು. ಕಾಲಡಿಯ ಕಲ್ಲು ಜಾರಿತು.

ಚಿತ್ರ ಚೆನ್ನಾಗಿ ಬಂತು. ಶಿಖರ, ಮಂಜು, ಖಾಲಿ ದಾರಿ. ದೂರದಲ್ಲಿ ಏನೋ ಉರುಳಿದ ಸದ್ದು ಮಾತ್ರ ಅದರಲ್ಲಿ ಸೇರಿಕೊಂಡಿತು.

ಹೊರೆಯಾಳುಗಳು ಹುಡುಕಿದರು. ಮಣ್ಣಿನ ಬಣ್ಣದ ಶಾಲು ಮಣ್ಣಿನಲ್ಲಿ ಎಲ್ಲಿ ಕಾಣಬೇಕು? ಕೊನೆಗೆ ಬೈಗುಳ ಕೇಳಿಸಿತು. ಹಸಿರಣ್ಣನ ಮೂರು ತಲೆಮಾರನ್ನೂ ಬೈಯುತ್ತಿದ್ದಳು. ಆ ದನಿ ಹಿಡಿದು ಚೋಟಕ್ಕ ಇಳಿದಳು. ಸೂಜಿಯ ಕಾಲು ಮೊಣಕಾಲಿನ ಕೆಳಗೆ ಅಡ್ಡ ತಿರುಗಿತ್ತು. ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ಹಿಡಿದಿತ್ತು. ಮೇಜು ಇನ್ನೂ ಬೆನ್ನಿಗೇ ಇತ್ತು.

ಡಾಕ್ಟರಮ್ಮ ಓಡಿ ಬಂದರು. ಟೆಂಟಿನ ಕೋಲು ಇಟ್ಟು, ತಮ್ಮ ಶಾಲು ಹರಿದು, ಕಾಲನ್ನು ಕಟ್ಟಿದರು. ಪಾದ ಮುಟ್ಟಿ ನೋಡಿ, "ತಣ್ಣಗಾಗ್ತಿದೆ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು," ಎಂದರು.

ಊಟದ ಟೆಂಟಿನಲ್ಲಿ ಸಭೆ ಸೇರಿತು. ಒಳಗೆ ಬಿಸಿ ಸೂಪು ಬಂತು. ಹೊರೆಯಾಳುಗಳು ಹೊರಗೆ, ಬಟ್ಟೆಯ ಗೋಡೆಯ ಆಚೆ ನಿಂತರು. ಬಟ್ಟೆಯ ಗೋಡೆಗೆ ಮಾತು ತಡೆಯಲು ಬರುವುದಿಲ್ಲ.

"ಹೆಲಿಕಾಪ್ಟರ್ ಕರೆಸಿ," ಎಂದರು ಡಾಕ್ಟರಮ್ಮ.

"ಅದು ಅತಿಥಿಗಳ ವಿಮೆಗೆ ಮಾತ್ರ," ಎಂದ ಹಸಿರಣ್ಣ. "ಅಲ್ಲದೆ ಅದರ ಸದ್ದಿಗೆ ಇಲ್ಲಿನ ಹಕ್ಕಿಗಳು ಬೆದರುತ್ವೆ."

ಹೋದ ತಿಂಗಳು ಹೊಟ್ಟೆನೋವು ಬಂದ ಅತಿಥಿಗೆ ಹೆಲಿಕಾಪ್ಟರ್ ಬಂದಿತ್ತು. ಆ ದಿನ ಹಕ್ಕಿಗಳು ಹೊಂದಿಕೊಂಡಿದ್ದವು.

"ಹಾಗಾದ್ರೆ ಇವರೆಲ್ಲ ಸೇರಿ ಹೊತ್ತು ಇಳಿಸ್ಲಿ."

"ಇಳಿಸಬಹುದು. ಆದ್ರೆ ಸಂಜೆಗೆ ಮಳೆ ಬರುತ್ತೆ, ನಾವೂ ಇವತ್ತೇ ಇಳೀಬೇಕು. ಆಳುಗಳೆಲ್ಲ ಅವಳನ್ನ ಹೊತ್ರೆ ಟೆಂಟು ಯಾರು ಹೊರ್ತಾರೆ? ಡ್ರಮ್ಮು ಯಾರು ಹೊರ್ತಾರೆ? ಇಂಥ ಸೂಕ್ಷ್ಮ ಜಾಗದಲ್ಲಿ ಅದನ್ನ ಒಂದು ರಾತ್ರಿ ಬಿಡೋಕಾಗುತ್ತಾ? ನಾವು ಪ್ರತಿಜ್ಞೆ ಮಾಡಿದ್ದೀವಿ." ಹಸಿರಣ್ಣ ಎದೆಯ ಮೇಲೆ ಕೈಯಿಟ್ಟ. "ಅವಳು ನನ್ನ ತಂಗಿ ಇದ್ದ ಹಾಗೆ. ಕರುಳು ಕಿತ್ತು ಬರ್ತಿದೆ. ಮೊದಲು ಹೊರೆ ಇಳೀಲಿ, ನಾಳೆ ಬೆಳಿಗ್ಗೆ ಇವರೇ ವಾಪಸ್ ಬಂದು ಅವಳನ್ನ ಕರ್ಕೊಂಡು ಹೋಗ್ಲಿ. ಒಬ್ಬರು ಜೊತೆಗಿರ್ತಾರೆ. ಇವರು ಬೆಟ್ಟದಲ್ಲೇ ಹುಟ್ಟಿದವರು, ಚಳಿ ಮಳೆ ಇವರಿಗೆ ರೂಢಿ."

"ನಮ್ಮ ಮನಸ್ಸಿಗೂ ನೋವಾಗುತ್ತೆ," ಎಂದರು ಸಾಹೇಬರು. "ಆದ್ರೆ ಬೆಟ್ಟ ನಮಗಿಂತ ದೊಡ್ಡದು. ಎಲ್ಲರ ಅಭಿಪ್ರಾಯ ತಗೊಳ್ಳೋಣ. ಕೈ ಎತ್ತಿ."

ಕೈಗಳು ಎದ್ದವು. ಕ್ಯಾಮೆರಾ ಹುಡುಗಿ ಅಳುತ್ತಲೇ ಎತ್ತಿದಳು. ಡಾಕ್ಟರಮ್ಮನ ಕೈ ಮಾತ್ರ ಮಡಿಲಲ್ಲೇ ಇತ್ತು. ಯಾರೋ ಸೂಜಿಗೆಂದು ಒಂದು ಚಾಕೊಲೇಟು ಕಳಿಸಿದರು.

ಮೇಸ್ತ್ರಿ ಹೊರಗೆ ಬಂದ. "ಹೊರೆ ಎತ್ತಿ," ಎಂದ. ಯಾರಿಗೆ ಹೇಳಿದನೋ, ನೆಲಕ್ಕೇ ಹೇಳಿದ.

ಹೊರೆಯಾಳುಗಳು ಮೇಲಕ್ಕೆ ಎತ್ತಿ ತಂದಿದ್ದ ಸೂಜಿ ತುಂತುರಿನಲ್ಲಿ ಒಂದು ಗೋಣಿತಟ್ಟಿನ ಮೇಲೆ ಮಲಗಿದ್ದಳು. ಬೈಗುಳ ನಿಂತಿತ್ತು. ಅದೇ ಚೋಟಕ್ಕನನ್ನು ಹೆದರಿಸಿತು. ಸೂಜಿ ಸುಮ್ಮನಿದ್ದದ್ದನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

"ಅಕ್ಕಾ," ಎಂದಳು ಸೂಜಿ. "ಡ್ರಮ್ಮು ಮೊದಲು, ನಾನು ಆಮೇಲಂತೆ. ಹೌದಾ?"

ಚೋಟಕ್ಕ ಕಕ್ಕಸಿನ ಟೆಂಟಿನ ಹಿಂದೆ ಹೋದಳು. ಕೂತು, ಹಗ್ಗದ ಪಟ್ಟಿಯನ್ನು ಹಣೆಗೆ ಕೊಟ್ಟಳು. ಮೊಣಕೈ ನೆಲಕ್ಕೂರಿ ಎದ್ದಳು. ಕತ್ತಿನ ನರ ಉಬ್ಬಿತು. ಒಳಗೆ ಕುಲುಕಿತು. ಇಳಿಜಾರಿನ ಕಡೆ ತಿರುಗಲಿಲ್ಲ. ಊಟದ ಟೆಂಟಿನ ಕಡೆ ನಡೆದಳು.

ಬಾಗಿಲ ಬಟ್ಟೆ ಸರಿಯಿತು. ಅತಿಥಿಗಳು ತಲೆ ಎತ್ತಿದರು. ಅವಳು ನೇರ ಒಳಗೆ ಹೋಗಿ, ಬೆನ್ನು ತಿರುಗಿಸಿ, ಡ್ರಮ್ಮನ್ನು ಸೂಪಿನ ಬಟ್ಟಲುಗಳ ನಡುವೆ ಇಳಿಸಿದಳು. ಮೇಜು ಕಿರುಗುಟ್ಟಿತು.

"ಏನಿದು?" ಎಂದ ಹಸಿರಣ್ಣ.

"ನಿಮ್ಮದು."

"ಆಚೆ ತಗೊಂಡು ಹೋಗು!"

"ಹೋಗಲ್ಲ. ಮೇಲೆ ಒಯ್ದದ್ದನ್ನೆಲ್ಲ ಕೆಳಗೆ ತರ್ತೀವಿ ಅಂದ್ರಲ್ಲ. ಅವಳನ್ನೂ ನೀವೇ ಮೇಲೆ ತಂದದ್ದು. ಅವಳು ಇಳೀತಾಳೆ, ನಾನು ಹೊರ್ತೀನಿ. ಇದು ನಿಮ್ಮ ಹೊಟ್ಟೇಲಿ ಮೇಲೆ ಬಂದದ್ದು. ಇದನ್ನ ನೀವು ಹೊರಿ."

"ಬೆಟ್ಟಕ್ಕೆ ದ್ರೋಹ ಬಗೀತಿದ್ದೀಯ ನೀನು!"

"ದ್ರೋಹ ಯಾರದ್ದು ಅಂತ ಮುಚ್ಚಳ ತೆಗೆದ್ರೆ ಗೊತ್ತಾಗುತ್ತೆ. ತೆಗೀಲಾ?" ಚೋಟಕ್ಕ ಕಬ್ಬಿಣದ ಪಟ್ಟಿಯ ಮೇಲೆ ಕೈಯಿಟ್ಟಳು.

ಸಾಹೇಬರು ಕುರ್ಚಿ ಸಮೇತ ಹಿಂದೆ ಬಿದ್ದರು. ಉಳಿದ ಅತಿಥಿಗಳು ಟೆಂಟಿನ ಗೋಡೆಗೆ ಅಂಟಿಕೊಂಡರು. ಬೆಟ್ಟದ ಮುಂದೆ ಸಣ್ಣವರಾಗಲು ಬಂದವರು ಡ್ರಮ್ಮಿನ ಮುಂದೆ ಸಣ್ಣವರಾದರು.

"ಮೇಸ್ತ್ರಿ!" ಎಂದು ಹಸಿರಣ್ಣ ಕೂಗಿದ. ತನ್ನ ನಿಯಮವನ್ನೇ ಮರೆತು ಕೂಗಿದ. "ಇವಳನ್ನ ಆಚೆ ಎಳಿ!"

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. "ಅತ್ತಿಗೆ..." ಎಂದ.

"ನಿನ್ನ ಹೆಂಡ್ತಿ ಕಣೋ ಅಲ್ಲಿ ಬಿದ್ದಿರೋದು. ನನ್ನ ಬೆನ್ನ ಮೇಲೆ ಹೇಲು ಹೊರಿಸಿದೆ, ಹೊತ್ತೆ. ಅವಳ ಎದೆ ಮೇಲೂ ಹೊರಿಸ್ತೀಯಾ?"

ಅವನು ಒಳಗೆ ಬಂದು ಹಸಿರಣ್ಣನ ಮುಂದೆ ನಿಂತ. ಎಂದಿನಂತೆ ತಲೆ ತಗ್ಗಿಸಿಯೇ ಇದ್ದ.

"ಏಳಿ ಅಣ್ಣ. ಕುರ್ಚಿ ಬೇಕು."

"ಏನಂದೆ?"

"ಅವಳನ್ನ ಕೂರಿಸಿ ಹೊರೋಕೆ. ನಿಮ್ಮದೇ ಗಟ್ಟಿ ಕುರ್ಚಿ. ಏಳಿ."

ಹಸಿರಣ್ಣ ಎದ್ದ. ಯಾಕೆ ಎದ್ದೆ ಎಂದು ಅವನಿಗೂ ತಿಳಿಯಲಿಲ್ಲ. ಹೊರಗೆ ದಡಬಡ ಸದ್ದಾಯಿತು. ಹೊರೆಯಾಳುಗಳು ಒಬ್ಬೊಬ್ಬರಾಗಿ ಹೊರೆ ಇಳಿಸುತ್ತಿದ್ದರು.

ಕುರ್ಚಿಯ ಹಿಂಬದಿಗೆ ಹಗ್ಗ ಕಟ್ಟಿ, ಸೂಜಿಯನ್ನು ಕೂರಿಸಿ, ಮೊದಲು ಗಂಡನೇ ಹೊತ್ತ. ಆಮೇಲೆ ಚೋಟಕ್ಕ ಹೊತ್ತಳು. ಹೀಗೆ ಬೆನ್ನಿಂದ ಬೆನ್ನಿಗೆ. ದಾರಿ ಜಾರುತ್ತಿತ್ತು. ಬಂಡೆ ಬಂದಾಗ ಇಬ್ಬರು ಕುರ್ಚಿಯನ್ನು ಮೇಲಿಂದ ಹಿಡಿದರೆ ಇಬ್ಬರು ಕೆಳಗಿಂದ ಹೆಗಲು ಕೊಟ್ಟರು. ಡಾಕ್ಟರಮ್ಮ ತಮ್ಮ ಚೀಲ ತಾವೇ ಹೊತ್ತು, ಸೂಜಿಯ ಪಾದವನ್ನು ಎರಡೂ ಕೈಯಲ್ಲಿ ಬೆಚ್ಚಗೆ ಹಿಡಿದು, ಪಕ್ಕದಲ್ಲೇ ಎಡವುತ್ತ ಇಳಿದರು. ಯಾರೂ ಅವರನ್ನು ಹೊಗಳಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ.

"ಅಕ್ಕಾ, ಡ್ರಮ್ಮಿಗಿಂತ ಭಾರ ಇದ್ದೀನಾ?" ಎಂದಳು ಸೂಜಿ, ನೋವಿಗೆ ಹಲ್ಲು ಕಚ್ಚಿಕೊಂಡು.

"ಡ್ರಮ್ಮು ಇಷ್ಟು ಮಾತಾಡ್ತಿರಲಿಲ್ಲ," ಎಂದಳು ಚೋಟಕ್ಕ. ಬೆವರು ಕಣ್ಣಿಗಿಳಿಯುತ್ತಿತ್ತು. ಬೆವರಷ್ಟೇ ಅಲ್ಲ.

ಕತ್ತಲಾಗುವ ಮುಂಚೆ ರಸ್ತೆ ಮುಟ್ಟಿದರು. ಆಸ್ಪತ್ರೆಯಲ್ಲಿ ಕಾಲು ಉಳಿಯಿತು. ಆದರೆ ಗಿಡ್ಡವಾಯಿತು.

ಮೇಲೆ ನಡೆದದ್ದನ್ನು ಅಡುಗೆಯವನು ಬಂದು ಹೇಳಿದ. ಹೇಳುವಾಗ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದ. ಡ್ರಮ್ಮಿನ ಸುತ್ತ ಬಹಳ ಹೊತ್ತು ಚರ್ಚೆಯಾಯಿತಂತೆ. ಹಂಚಿಕೊಂಡು ಹೊರೋಣ ಎಂದರಂತೆ. ತಲೆ ಲೆಕ್ಕವೋ, ತಿಂದ ಲೆಕ್ಕವೋ ಎಂಬಲ್ಲಿ ಜಗಳ ಹತ್ತಿತಂತೆ. ಸಾಹೇಬರು ತಮಗೆ ಮಲಬದ್ಧತೆ, ಬೆಟ್ಟ ಹತ್ತಿದಾಗಿನಿಂದ ಆಗಿಯೇ ಇಲ್ಲ, ತಮ್ಮ ಪಾಲು ಸೊನ್ನೆ ಎಂದು ಆಣೆ ಮಾಡಿದರಂತೆ. ಒಬ್ಬ ಗಂಡ, ಹೆಂಡತಿಯದ್ದು ಬೇರೆ ಲೆಕ್ಕ ಎಂದನಂತೆ. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಡ್ರಮ್ಮನ್ನು ಅಲ್ಲೇ ಹೂತರು. ಎಲ್ಲಿ? ಹಳೆಯ ಗೂಡಿನ ಕಲ್ಲು ಚೆಲ್ಲಿದ್ದ ಕಡೆ ಮಣ್ಣು ಮೆತ್ತಗಿತ್ತು. ಅಲ್ಲಿ. ಗುರುತು ಕಾಣದಿರಲೆಂದು ಆ ಕಲ್ಲುಗಳನ್ನೇ ಆಯ್ದು ಮೇಲೆ ಗೋಪುರ ಪೇರಿಸಿದರು. ಚೆನ್ನಾಗಿ ಕಂಡಿತು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಮುಂದೆ ಬಂದ ತಂಡಗಳವರೂ ಭಕ್ತಿಯಿಂದ ತಲಾ ಒಂದೊಂದು ಕಲ್ಲಿಟ್ಟರು.

ವಾರ ಕಳೆಯಿತು. ಇಲಾಖೆಯವರು ಊರಿಗೆ ಬಂದರು. ಹೊರೆಯಾಳುಗಳು ಸೂಕ್ಷ್ಮ ಪ್ರದೇಶದಲ್ಲಿ ಮನುಷ್ಯರ ಮಲ ಬಿಟ್ಟು ಓಡಿಬಂದಿದ್ದಾರೆ ಎಂದು ಕಂಪನಿ ದೂರು ಕೊಟ್ಟಿತ್ತು. ಚೋಟಕ್ಕ ಇನ್ನು ಬೆಟ್ಟಕ್ಕೆ ಕಾಲಿಡುವಂತಿಲ್ಲ. ಊರಿನ ಉಳಿದ ಹೊರೆಯಾಳುಗಳನ್ನೂ ಕಂಪನಿ ಕೆಲಸದಿಂದ ತೆಗೆಯಿತು.

"ಹೇತವರು ಊರಿಗೆ ಹೋದರು, ಮೂಗು ಮುಚ್ಚಿಕೊಂಡವರಿಗೆ ದಂಡ," ಎಂದಳು ಅತ್ತೆ. ಗೂಡು ಕೆಡವಿದ ದಿನ ಆಡದ ಮಾತನ್ನೆಲ್ಲ ಆ ದಿನ ಆಡಿದಳು. ಇಲಾಖೆಯ ಜೀಪು ಊರಿನ ತಿರುವು ದಾಟುವವರೆಗೂ ಆಡಿದಳು.

ಆದರೆ ಚಳಿಗಾಲ ದೊಡ್ಡದಿತ್ತು. ಕೆಲಸ ಇಲ್ಲದ ಮನೆಗಳಲ್ಲಿ ಒಲೆ ಒಂದೇ ಹೊತ್ತು ಉರಿಯಿತು. ಜೊತೆಗೆ ಹೊರೆ ಇಳಿಸಿದವರಲ್ಲೇ ಕೆಲವರು ಚೋಟಕ್ಕನ ಮುಖ ನೋಡುವುದನ್ನು ಬಿಟ್ಟರು. "ನಿನ್ನ ರೋಷಕ್ಕೆ ನಮ್ಮ ಹೊಟ್ಟೆ ಮೇಲೆ ಬರೆ ಬಿತ್ತು," ಎಂದು ಒಬ್ಬಳು ನಲ್ಲಿಯ ಹತ್ತಿರ ಎದುರಿಗೇ ಹೇಳಿದಳು. ಚೋಟಕ್ಕ ಕೊಡ ಎತ್ತಿಕೊಂಡು ಮನೆಗೆ ನಡೆದಳು. ಬೆಟ್ಟದ ಬುಡದಲ್ಲಿ ರಸ್ತೆ ಅಗಲ ಮಾಡುತ್ತಿದ್ದರು. ಅಲ್ಲಿ ಜಲ್ಲಿ ಒಡೆಯಲು ಸೇರಿದಳು. ಕಲ್ಲು ಬಡಿಯುವಾಗ ಕೆಲವೊಮ್ಮೆ ಅನ್ನಿಸುತ್ತಿತ್ತು: ಹೊತ್ತಿದ್ದರೆ ಏನಾಗುತ್ತಿತ್ತು? ಇಷ್ಟು ದಿನ ಹೊತ್ತಿರಲಿಲ್ಲವೇ? ಅಷ್ಟರಲ್ಲಿ ಸೂಜಿ ಊರುಗೋಲು ಕಟಕಟಿಸುತ್ತ ಬುತ್ತಿ ತರುತ್ತಿದ್ದಳು. ಆ ಸದ್ದು ಕೇಳಿದರೆ ಆ ಯೋಚನೆ ನಿಲ್ಲುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಹಸಿರಣ್ಣ ಬಂದ. ಜಲ್ಲಿಯ ರಾಶಿಯ ಪಕ್ಕ, ಪ್ಯಾಂಟಿಗೆ ಧೂಳಾಗದ ಹಾಗೆ ನಿಂತ.

"ಆದದ್ದು ಆಯ್ತಕ್ಕ. ನಾನು ಮನಸ್ಸಲ್ಲಿಟ್ಟುಕೊಂಡಿಲ್ಲ. ಕ್ಯಾಮೆರಾ ಮುಂದೆ ಒಂದು ಮಾತು ತಪ್ಪಾಯ್ತು ಅಂದ್ಬಿಡು. ಎಲ್ಲರಿಗೂ ಮತ್ತೆ ಕೆಲಸ. ಹೊಸ ಡ್ರಮ್ಮು ಬಂದಿದೆ, ವಾಸನೇನೇ ಬರಲ್ಲ."

"ಅಕ್ಕಿ ಹೊರ್ತೀವಿ. ಟೆಂಟು ಹೊರ್ತೀವಿ. ನಿಮ್ಮ ಕುರ್ಚಿ ಮೇಜು ಎಲ್ಲ ಹೊರ್ತೀವಿ," ಎಂದಳು ಚೋಟಕ್ಕ. "ಅದೊಂದನ್ನ ಮಾತ್ರ ಅವರವರದ್ದು ಅವರವರೇ ಹೊರ್ಲಿ. ಬಿದ್ದವರು ಮೊದಲು ಇಳೀಲಿ. ಆಮೇಲೆ ಆ ಗುಂಡಿ ನಮ್ಮ ನೀರಿನ ಪಕ್ಕದಿಂದ ಹೋಗ್ಲಿ."

"ಅದು ಹೇಗಕ್ಕ? ಅತಿಥಿ ಅಂದ್ರೆ ದೇವರು."

"ದೇವರಾದ್ರೆ ಹೇಲಬಾರದಿತ್ತು."

ಹಸಿರಣ್ಣ ಹೊರಟುಹೋದ. ಬೆಟ್ಟದ ಆಚೆ ಮಗ್ಗುಲಿನ ಊರುಗಳಿಂದ ಹೊಸ ಆಳುಗಳನ್ನು ತಂದ. ಈ ಊರಿನವರ ಜೊತೆ ಮಾತಾಡಬೇಡಿ, ಉಂಡ ಮನೆಗೆ ಎರಡು ಬಗೆದವರು ಎಂದು ಅವರಿಗೆ ಹೇಳಿಕೊಟ್ಟಿದ್ದ.

ಮೊದಲ ತಂಡ ಇಳಿದು ಬಂದ ದಿನ ಚೋಟಕ್ಕ ದಾರಿಯ ಅಂಚಿನಲ್ಲೇ ಜಲ್ಲಿ ಒಡೆಯುತ್ತಿದ್ದಳು. ಸೂಜಿ ಪಕ್ಕದಲ್ಲಿ ಕಾಲು ನೀಡಿ ಕೂತಿದ್ದಳು. ಅಲ್ಲಿ ದಾರಿ ಇಕ್ಕಟ್ಟು. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಇಳಿಜಾರು. ಎಲ್ಲರಿಗಿಂತ ಮುಂದೆ, ಒಬ್ಬಳೇ, ಎತ್ತರದ ಒಬ್ಬ ಹೆಂಗಸು ಬರುತ್ತಿದ್ದಳು. ಬೆನ್ನ ಮೇಲೆ ಬಿಳಿ ಡ್ರಮ್ಮು. ಒಂದೊಂದು ಹೆಜ್ಜೆಯನ್ನೂ ತುಂಬಿದ ಬಸುರಿಯ ಹಾಗೆ ಇಡುತ್ತಿದ್ದಳು. ಹಣೆ ಸುಲಿದು ಹಸಿಯಾಗಿತ್ತು.

"ಸ್ವಲ್ಪ ನಿಲ್ಲವ್ವ, ನೀರು ಕುಡಿ," ಎಂದಳು ಚೋಟಕ್ಕ.

ಹೆಂಗಸು ಅನುಮಾನದಿಂದ ನೋಡಿದಳು. ಬಾಯಾರಿಕೆ ಗೆದ್ದಿತು. ಡ್ರಮ್ಮನ್ನು ದಾರಿಯಂಚಿನ ಬಂಡೆಗೆ ಮೆಲ್ಲಗೆ ಒರಗಿಸಿ ನೀರು ಕುಡಿದಳು.

"ಅದರಲ್ಲೇನಿದೆ?"

"ಮಣ್ಣು," ಎಂದಳು ಆಕೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. "ಬೆಟ್ಟದ ಮೇಲಿನ ಮಣ್ಣಂತೆ. ಪರೀಕ್ಷೆ ಮಾಡೋಕೆ ದೊಡ್ಡೂರಿಗೆ ಕಳಿಸ್ತಾರಂತೆ. ಜೀವ ಹೋದ್ರೂ ಕೆಳಗೆ ಹಾಕಬಾರದು ಅಂದಿದ್ದಾರೆ. ಅವರೇ ಮುಚ್ಚಿ ಭದ್ರ ಮಾಡಿ ಕೊಡ್ತಾರೆ."

"ವಾಸನೆ ಬರಲ್ವಾ?"

"ಔಷಧಿ ಹಾಕಿದ್ದಾರಂತೆ. ಅದರ ವಾಸನೆ."

ಚೋಟಕ್ಕ ಸೂಜಿಯ ಕಡೆ ನೋಡಿದಳು. ಯಾವುದಕ್ಕೂ ಬಾಯಿ ಹಾಕುವ ಸೂಜಿ ನೆಲ ನೋಡುತ್ತಿದ್ದಳು.

"ನಾನು ಹೇಳಿದ್ರೆ ನೀನು ನಂಬಲ್ಲ," ಎಂದಳು ಚೋಟಕ್ಕ. "ಮುಚ್ಚಳ ತೆಗೆದು ನೀನೇ ನೋಡು."

ಹೆಂಗಸು ಒಮ್ಮೆ ದಾರಿಯ ಮೇಲ್ಗಡೆ ನೋಡಿದಳು. ಮೇಲಿನಿಂದ ಅತಿಥಿಗಳ ಮಾತು, ನಗು ಹತ್ತಿರವಾಗುತ್ತಿತ್ತು. ಆಕೆ ಪಟ್ಟಿ ಸಡಿಲಿಸಿದಳು. ಮುಚ್ಚಳ ಎತ್ತಿದಳು. ನೋಡಿದಳು. ಮುಖ ತಿರುಗಿಸಲಿಲ್ಲ. ಮತ್ತೆ ಮುಚ್ಚಿ, ಪಟ್ಟಿ ಬಿಗಿದಳು. ಎರಡೂ ಕೈಯನ್ನು ಹುಲ್ಲಿಗೆ ಒರೆಸಿದಳು. ಒರೆಸುತ್ತಲೇ ಇದ್ದಳು.

"ನೀವೂ ಹೊತ್ತಿದ್ರಾ?" ಎಂದು ಕೊನೆಗೆ ಕೇಳಿದಳು.

"ನಾನೇ ಹೊತ್ತಿದ್ದು. ನನಗೆ ಗೊತ್ತಿದ್ದೂ ಹೊತ್ತೆ."

ಆಕೆ ಡ್ರಮ್ಮನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿದಳು. ಇಕ್ಕಟ್ಟು ದಾರಿಯ ನಟ್ಟನಡುವೆ ತಂದಿಟ್ಟಳು. ಹಗ್ಗವನ್ನು ಬಿಚ್ಚಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಗ್ಗ ಅವಳದು.

ಅತಿಥಿಗಳು ಬಂದರು. ಮುಂದಿದ್ದವನು ನಿಂತ. ಅವನ ಹಿಂದೆ ಎಲ್ಲರೂ ನಿಂತರು.

"ಏನಮ್ಮ, ಏನಾಯ್ತು? ದಾರಿ ಬಿಡಿ."

"ನಾನು ಬಿಟ್ಟಿದ್ದೀನಿ ಸ್ವಾಮಿ," ಎಂದಳು ಆ ಹೆಂಗಸು. "ನಿಮ್ಮದೇ ಅಡ್ಡ ನಿಂತಿದೆ. ಎತ್ಕೊಳ್ಳಿ."